ಕೊನೆಯ ಸಾಲಿಗೆ ಎಷ್ಟು, ಕ್ಯಾಮೆರಾಗೆ ಎಷ್ಟು: ನಟಿಯ ಕಸುಬಿನ ಅಳತೆ

ಒಂದು ಮಾತು ತೆಗೆದುಕೊಳ್ಳೋಣ. ವಯಸ್ಸಾದ ತಾಯಿ. ಪೇಟೆಯಿಂದ ಬಂದ ಮಗನ ಅಂಗಿ ಕಿಸೆಯಿಂದ ಖರೀದಿ ಪತ್ರ ಜಾರಿ ಬಿದ್ದಿದೆ. ಆಕೆ ಅದನ್ನು ನೋಡಿ ಕೇಳುತ್ತಾಳೆ: "ನಿಮ್ಮಪ್ಪನ ಹೊಲಾ ಮಾರಿಬಿಟ್ಟೇನೋ?"

ಮೂರೇ ಪದ. ಸಿರುಗುಪ್ಪ ಸೀಮೆಯ ಯಾವುದೋ ಊರ ಜಾತ್ರೆಯಲ್ಲಿ, ಬಯಲಿಗೆ ಕಟ್ಟಿದ ರಂಗದ ಮೇಲೆ, ರಾತ್ರಿ ಎರಡು ಗಂಟೆಗೆ ಇದನ್ನು ಹೇಳುವುದು ಒಂದು ಕೆಲಸ. ಬಳ್ಳಾರಿಯ ರಾಘವ ಕಲಾಮಂದಿರದ ಒಳಗೆ, ನಾಲ್ಕು ಗೋಡೆಯ ನಡುವೆ ಹೇಳುವುದು ಇನ್ನೊಂದು. ಬೆಂಗಳೂರಿನ ಸೆಟ್ಟಿನಲ್ಲಿ, ಮುಖದಿಂದ ನಾಲ್ಕು ಅಡಿ ದೂರ ಲೆನ್ಸ್ ನಿಂತಿರುವಾಗ ಹೇಳುವುದು ಮತ್ತೊಂದು. ತಾಯಿ ಅದೇ ತಾಯಿ, ಸಂಕಟ ಅದೇ ಸಂಕಟ. ನೋಡುವ ಕಣ್ಣು ಎಷ್ಟು ದೂರದಲ್ಲಿದೆ ಎನ್ನುವುದಷ್ಟೇ ಬೇರೆ. ನಟಿಯ ಕಸುಬಿನ ಬಹುಪಾಲು ಈ ದೂರದ ಲೆಕ್ಕವೇ. "ನಾಟಕದವರು ಓವರ್ ಆ್ಯಕ್ಟಿಂಗ್ ಮಾಡ್ತಾರ" ಎಂಬ ದೂರೂ, "ಸಿನಿಮಾದಾಕಿಗೆ ಸ್ಟೇಜ್ ಮ್ಯಾಲೆ ದನೀನ ಹೊಂಡೂದಿಲ್ಲ" ಎಂಬ ದೂರೂ ಈ ಲೆಕ್ಕ ತಪ್ಪಿದಾಗ ಬರುವಂಥವು.

ಈ ಲೆಕ್ಕ ಹೆಣ್ಣುಮಕ್ಕಳ ಕೈಗೆ ಬಂದದ್ದೇ ತಡವಾಗಿ. ವೃತ್ತಿ ರಂಗಭೂಮಿಯ ಮೊದಲ ದಶಕಗಳಲ್ಲಿ ಸೀತೆ, ದ್ರೌಪದಿ, ತಾರಾಮತಿಯರೆಲ್ಲ ಮೀಸೆ ಬೋಳಿಸಿದ ಗಂಡಸರು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದ ಊರು, ಕನ್ನಡ ತೆಲುಗು ಎರಡೂ ಒಂದೇ ಬೀದಿಯ ಭಾಷೆ. ಇಲ್ಲಿ ವಕೀಲಿಕೆ ಮಾಡಿಕೊಂಡಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ಸರಸ ವಿನೋದಿನಿ ಸಭೆ ಕಟ್ಟಿ ನಾಟಕ ಬರೆದು ಆಡಿಸಿದರು. ಅವರ ಸೋದರಳಿಯ ಬಳ್ಳಾರಿ ರಾಘವ (1880–1946), ಅವರೂ ವಕೀಲರೇ, ಹೆಣ್ಣು ಪಾತ್ರವನ್ನು ಹೆಣ್ಣೇ ಮಾಡಬೇಕು ಎಂದು ಪಟ್ಟು ಹಿಡಿದವರಲ್ಲಿ ಮುಂಚಿನವರು. ಕೂಗಾಟದ ಅಭಿನಯವನ್ನು ಸಹಜದ ಕಡೆಗೆ ತಂದವರೂ ಅವರೇ. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಂದಾಗ ತ್ರಿಪುರಾಂಬ ಅದರ ನಾಯಕಿ. ಜೊತೆಗಿದ್ದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ನಾಟಕ ಕಂಪನಿಯಿಂದ ಹೋದವರು. ಮುಂದೆ ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸನ ಪಾತ್ರವನ್ನೂ ಹೆಂಗಸೇ ಮಾಡಬಹುದು ಎಂದು ತೋರಿಸಿ ಹಳೆಯ ಬಾಕಿ ತೀರಿಸಿದರು. ನಮ್ಮ ಸೀಮೆಯಲ್ಲಿ ಹಾಡಿಗೂ ಮಾತಿಗೂ ಹೆಸರಾದ ಸುಭದ್ರಮ್ಮ ಮನ್ಸೂರು ಬಳ್ಳಾರಿಯವರು, 2020ರಲ್ಲಿ ತೀರಿಕೊಂಡರು. ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿದ ಮರಿಯಮ್ಮನಹಳ್ಳಿಯಂತೂ ರಂಗಕಲಾವಿದೆಯರ ಊರು ಎಂದೇ ಪ್ರಸಿದ್ಧ.

ಹಳ್ಳಿ ನಾಟಕದ ಒಂದು ರಾತ್ರಿ

ಸುಗ್ಗಿ ಮುಗಿದು ಸಂಕ್ರಾಂತಿ ದಾಟಿದರೆ ಮುಂಗಾರು ಹತ್ತಿರವಾಗುವವರೆಗೂ ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರು ಜಿಲ್ಲೆಗಳಲ್ಲಿ ಜಾತ್ರೆ, ಉರುಸು, ತೇರು. ಊರ ಹುಡುಗರು ಎರಡು ಮೂರು ತಿಂಗಳು ರಾತ್ರಿ ಹೊತ್ತು ತಾಲೀಮು ಮಾಡಿರುತ್ತಾರೆ; ಪೇಟಿ (ಹಾರ್ಮೋನಿಯಂ) ನುಡಿಸುವ ಮಾಸ್ತರರೇ ನಿರ್ದೇಶಕರು. ಗಂಡು ಪಾತ್ರವೆಲ್ಲ ಊರಿನವರಿಗೆ. ಎರಡೋ ಮೂರೋ ಹೆಣ್ಣು ಪಾತ್ರಗಳಿಗೆ ಹೊರಗಿನಿಂದ ವೃತ್ತಿ ನಟಿಯರನ್ನು ಕರೆಸುತ್ತಾರೆ. ಸೀನರಿ, ಲೈಟು, ಮೈಕು, ಬಣ್ಣದವರು ಬಾಡಿಗೆಗೆ. ನಟಿ ಊರು ಮುಟ್ಟುವುದು ನಾಟಕದ ದಿನ ಸಂಜೆ. ಮೂರು ತಿಂಗಳು ತಾಲೀಮು ಮಾಡಿದವರ ಜೊತೆ ಒಂದು ದಿನವೂ ಮಾಡದವಳು ಬೆಳಕು ಹರಿಯುವವರೆಗೆ ಆಡಬೇಕು.

ಇದು ಹೇಗೆ ಸಾಧ್ಯ ಎಂದು ಹೊರಗಿನವರಿಗೆ ಆಶ್ಚರ್ಯ. ಮೊದಲ ಬಂಡವಾಳ ಕಂಠಪಾಠ. ಹಳ್ಳಿಗಳಲ್ಲಿ ಓಡುವ ನಾಟಕಗಳು ಮತ್ತೆ ಮತ್ತೆ ಅವೇ, ಅಚ್ಚಾದ ಪುಸ್ತಕದವು. ಪಳಗಿದ ನಟಿಯ ತಲೆಯಲ್ಲಿ ಅಂಥ ಹತ್ತಾರು ನಾಟಕ ಸದಾ ಸಿದ್ಧವಿರುತ್ತವೆ. ಕಲಿಯುವ ಕ್ರಮವೇ ಬೇರೆ. ತನ್ನ ಮಾತಿನ ಜೊತೆಗೆ ಎದುರಿನವನ ಮಾತಿನ ಕೊನೆಯ ಎರಡು ಮೂರು ಪದ, ಅಂದರೆ ತುದಿಯನ್ನೂ ಬಾಯಿಪಾಠ ಮಾಡಬೇಕು. ಹಾಡಿದ್ದಲ್ಲಿ ಪೇಟಿಗೆ ಎತ್ತಿಕೊಡುವ ಮಾತು ಯಾವುದು ಎಂದು ಗುರುತು ಹಾಕಿಕೊಳ್ಳಬೇಕು. ಗೊತ್ತಿಲ್ಲದ ನಾಟಕವಾದರೆ ಪುಟಗಳ ಫೋಟೋ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳಬೇಕು. "ಬಂದ ಮ್ಯಾಲೆ ಹೇಳಿಕೊಡ್ತೀವಿ ಬರ್‍ರಿ ಅಕ್ಕಾರ" ಎಂಬ ಮಾತನ್ನು ನಂಬಿ ಹೋದರೆ ಮೂರನೇ ದೃಶ್ಯದಲ್ಲಿ ಬೆವರು ಬಿಚ್ಚುತ್ತದೆ.

ಸಂಜೆ ಸಿಗುವ ಒಂದು ತಾಸಿನಲ್ಲಿ ಪೂರ್ತಿ ತಾಲೀಮಿಗೆ ಹೊರಡುವುದು ವ್ಯರ್ಥ. ಕೇಳಬೇಕಾದ್ದು ನಾಲ್ಕು: ಯಾವ ದೃಶ್ಯ ಕತ್ತರಿಸಿದ್ದೀರಿ, ಯಾವ ಹಾಡು ಉಳಿಸಿಕೊಂಡಿದ್ದೀರಿ, ನಾನು ಯಾವ ವಿಂಗಿನಿಂದ ಒಳಗೆ ಬರಬೇಕು, ಹೊಡೆದಾಟ ಎಲ್ಲಿದೆ. ನಾಲ್ಕನೆಯದನ್ನು ಬಾಯಲ್ಲಿ ಕೇಳಿ ಬಿಡುವಂತಿಲ್ಲ, ನಿಂತು ಮಾಡಿಯೇ ನೋಡಬೇಕು. ಜುಟ್ಟು ಹಿಡಿದು ಎಳೆದಾಡುವ ದೃಶ್ಯದಲ್ಲಿ ಗಂಡಸು ಮುಷ್ಟಿ ಕಟ್ಟಿ ತಲೆಯ ಮೇಲೆ ಇಡಬೇಕು, ಕೂದಲು ಹಿಡಿಯಬಾರದು. ನಟಿ ಎರಡೂ ಕೈಯಲ್ಲಿ ಅವನ ಮಣಿಕಟ್ಟು ಬಿಗಿಯಾಗಿ ಹಿಡಿದು ತಾನೇ ಎಳೆದುಕೊಂಡು ಹೋಗಬೇಕು. ಎಳೆದಂತೆ ಕಾಣುವ ಬಲವೆಲ್ಲ ಅವಳದು. ಕಪಾಳಕ್ಕೆ ಹೊಡೆಯುವಾಗ ಕೈ ಮುಖದಿಂದ ಒಂದು ಗೇಣು ದೂರ ಹಾದುಹೋಗಬೇಕು, ಜನರಿಗೆ ಕಾಣದ ಮಗ್ಗುಲಲ್ಲಿ ನಟಿಯೇ ಚಪ್ಪಾಳೆ ತಟ್ಟಿ ಸಪ್ಪಳ ಹುಟ್ಟಿಸುತ್ತಾಳೆ. ರಂಗದ ಕಾವಿನಲ್ಲಿ, ಅದರಲ್ಲೂ ಒಳಗೆ ಎರಡು ಗುಟುಕು ಹೋಗಿದ್ದರೆ, ಊರ ಖಳನಾಯಕ ನಿಜವಾಗಿಯೇ ಹೊಡೆದುಬಿಡುವುದುಂಟು. ಅಂಥ ಸೂಚನೆ ಕಂಡರೆ ದೃಶ್ಯದಲ್ಲಿ ಒಂದು ತೋಳಿನ ಅಂತರಕ್ಕಿಂತ ಹತ್ತಿರ ಬಿಡಬಾರದು.

ಹೆಚ್ಚು ಸಲ ತಪ್ಪುವುದು ಪುಟ ಹಾರಿದಾಗ. ಎರಡು ಪುಟದಲ್ಲಿ ಒಂದೇ ಬಗೆಯ ತುದಿ ಇದ್ದರೆ ಹೊಸ ನಟ ಮೊದಲನೆಯದರಿಂದ ಎರಡನೆಯದಕ್ಕೆ ಜಿಗಿಯುತ್ತಾನೆ. ನಡುವಿನ ಗುಟ್ಟು ಜನಕ್ಕೆ ತಿಳಿಯುವುದೇ ಇಲ್ಲ. ಹಿಂದಿನಿಂದ ಪಾಠ ಹೇಳಿಕೊಡುವವನ ದನಿ ಗದ್ದಲದಲ್ಲಿ ಕೇಳಿಸುವುದಿಲ್ಲ. ಆಗ ನಟಿ ಪಾತ್ರದೊಳಗೇ ಇದ್ದುಕೊಂಡು ಒಂದು ಪ್ರಶ್ನೆ ಎಸೆದು ಅವನನ್ನು ಹಿಂದಕ್ಕೆ ಕರೆತರಬೇಕು: "ಅದಿರ್ಲಿ, ಪ್ಯಾಟಿಗೆ ಹೋದಾಂವ ಗೌಡ್ರನ್ನ ಕಂಡ್ಯೋ ಇಲ್ಲೋ, ಅದನ್ನ ಹೇಳಲೇ ಇಲ್ಲಲ್ಲ?" ಇದು ಬರದಿದ್ದರೆ ಹಳ್ಳಿ ನಾಟಕದಲ್ಲಿ ಎರಡನೇ ಸೀಸನ್ ಇಲ್ಲ. ಪುಸ್ತಕವನ್ನು ಪೂರ್ತಿ ಓದದೆ ಬರೀ ತನ್ನ ಪಾಠವನ್ನಷ್ಟೇ ಕಲಿತವಳಿಗೆ ಈ ಪ್ರಶ್ನೆ ಹೊಳೆಯುವುದೂ ಇಲ್ಲ.

ಹಣದ ಮಾತು ಹಣೆಗೆ ಬಣ್ಣ ಹತ್ತುವ ಮುಂಚೆಯೇ ಮುಗಿಯಬೇಕು. ಸಂಚಕಾರ, ಅಂದರೆ ಮುಂಗಡ, ಪಡೆದ ದಿನವೇ ಊರು, ತಾರೀಖು, ಪಾತ್ರ, ಒಟ್ಟು ಸಂಭಾವನೆ, ಹೋಗಿಬರುವ ಗಾಡಿ ಖರ್ಚು ಯಾರದು ಎಂಬುದನ್ನು ಮೆಸೇಜಿನಲ್ಲಿ ಬರೆಸಿಕೊಂಡರೆ ಮುಂದಿನ ಜಗಳ ಅರ್ಧ ತಪ್ಪುತ್ತದೆ. ಬಾಕಿ ದುಡ್ಡು ನಾಂದಿಗಿಂತ ಮೊದಲು. ಬೆಳಗಿನ ಜಾವ ಸೀನರಿ ಬಿಚ್ಚುವ ಹೊತ್ತಿಗೆ ಕಮಿಟಿಯವರೆಲ್ಲ ಮಲಗಿರುತ್ತಾರೆ. ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಹತ್ತಿರದಲ್ಲಿ ಶೌಚಾಲಯ, ಜೊತೆಗೆ ಬರುವವರಿಗೆ ಊಟ: ಈ ಮೂರನ್ನು ಸಂಭಾವನೆಯಷ್ಟೇ ಗಟ್ಟಿಯಾಗಿ ಕೇಳುವುದು ಹಕ್ಕು.

ದನಿ: ಕನ್ನಡದ ಜೀವ ವಾಕ್ಯದ ಬಾಲದಲ್ಲಿ

ಬಯಲಲ್ಲಿ ದನಿಯನ್ನು ಹಿಂದಿರುಗಿಸುವ ಗೋಡೆಯಿಲ್ಲ. ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹತ್ತು ಅಡಿಯಲ್ಲಿ ಕುಳಿತವರಿಗೆ ಕೇಳಿದ್ದಕ್ಕಿಂತ ಎಂಬತ್ತು ಅಡಿಯಲ್ಲಿ ಕುಳಿತವರಿಗೆ 18 ಡೆಸಿಬಲ್ ಕಡಿಮೆ. ಅದರ ಮೇಲೆ ಜನರೇಟರ್, ಮಿರ್ಚಿ ಅಂಗಡಿ, ಅಳುವ ಕೂಸು. ಮೈಕು ಇದೆಯಲ್ಲ ಎನ್ನಬಹುದು. ರಂಗದ ಮುಂಭಾಗದಲ್ಲಿ ತಲೆಗಿಂತ ಮೇಲೆ ಮೂರರಿಂದ ಐದು ಮೈಕು ತೂಗುಬಿಟ್ಟಿರುತ್ತಾರೆ. ಅವುಗಳ ಕೆಳಗೆ ಮೂರು ನಾಲ್ಕು ಅಡಿಯೊಳಗೆ ಬಂದರಷ್ಟೇ ಮಾತು ಹಿಡಿಯುತ್ತವೆ. ಎರಡು ಮೈಕಿನ ನಡುವಿನ ಜಾಗದಲ್ಲಿ ಮಾತು ಬಿದ್ದುಹೋಗುತ್ತದೆ. ಆದ್ದರಿಂದ ಅಳುತ್ತಾ ಓಡುವ ತಾಯಿ ಎಲ್ಲಿಗೆ ಓಡಿದರೂ ಮಾತು ಶುರುಮಾಡುವುದು ಮೈಕಿನ ಕೆಳಗೇ. ತಲೆ ಮಗ್ಗುಲಿಗೆ ತಿರುಗಿದರೆ ಮೊದಲು ಸಾಯುವುದು ಸ, ಶ, ಚ, ಟ ತರದ ಚೂಪು ವ್ಯಂಜನಗಳು. ಸದ್ದು ಕೇಳುತ್ತದೆ, ಪದ ತಿಳಿಯುವುದಿಲ್ಲ. ಮಗನ ಕಡೆ ದೇಹ ತಿರುಗಿಸಿ ಮುಖವನ್ನು ಮುಕ್ಕಾಲು ಪಾಲು ಜನರತ್ತ ಉಳಿಸಿಕೊಳ್ಳುವ ಹಳೆಯ ಪಾಠಕ್ಕೆ ಕಾರಣ ಇದೇ.

ಇದಕ್ಕಿಂತ ದೊಡ್ಡ ತೊಡಕು ನಮ್ಮ ಭಾಷೆಯ ಒಳಗೇ ಇದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಲ್ಲ, ಬೇಡ, ಏನೋ, ಅಂತೆ, ಇವೆಲ್ಲ ವಾಕ್ಯದ ಬಾಲದಲ್ಲಿ. ಉಸಿರು ಮುಗಿಯುವುದೂ ಅಲ್ಲೇ. "ನಾ ನಿನ್ನ ಮನಿಗೆ ಬರೂದಿಲ್ಲ" ಎಂಬುದರ ಕೊನೆ ಕುಗ್ಗಿದರೆ ಹಿಂದಿನ ಸಾಲಿಗೆ "ಬರೂದು" ಎಂದಷ್ಟೇ ಕೇಳಿ, ಮುಂದಿನ ದೃಶ್ಯದಲ್ಲಿ ಆಕೆ ಯಾಕೆ ಹೋಗಲಿಲ್ಲ ಎಂದು ಪಕ್ಕದವರನ್ನು ಕೇಳುತ್ತಾರೆ. ನಮ್ಮ ತಾಯಿಯ ಮಾತಿನಲ್ಲೂ ಅಷ್ಟೇ: "ನಿಮ್ಮಪ್ಪನ ಹೊಲಾ" ಎಂಬುದು ಬರೀ ಒಂದು ವಸ್ತುವಿನ ಹೆಸರು, ಬಡಿತ ಇರುವುದು "ಮಾರಿಬಿಟ್ಟೇನೋ"ದಲ್ಲಿ. ಅನುಭವವಿಲ್ಲದವರು "ನಿಮ್ಮಪ್ಪನ" ಎಂಬಲ್ಲೇ ಎದೆ ಖಾಲಿ ಮಾಡಿಕೊಂಡು ಕೊನೆಯದನ್ನು ಗಂಟಲಲ್ಲಿ ಕಿರುಚುತ್ತಾರೆ.

ಸಾಧನೆ ಹೀಗೆ. ನಾಲ್ಕು ಎಣಿಸುವಷ್ಟು ಹೊತ್ತು ಪಕ್ಕೆಲುಬು ಅಗಲಿಸಿ ಉಸಿರು ತೆಗೆದುಕೊಂಡು, "ಸ್" ಎಂದು ಇಪ್ಪತ್ತು ಎಣಿಸುವವರೆಗೆ ಒಂದೇ ಸಮನೆ ಬಿಡುವುದು. ವಾರಗಳು ಕಳೆದಂತೆ ಮೂವತ್ತಕ್ಕೆ ಏರಿಸುವುದು. ಹೆಗಲು ಮೇಲೇರಿದರೆ ತಪ್ಪು, ಉಸಿರು ಮೇಲೆಯೇ ಉಳಿದಿದೆ ಎಂದರ್ಥ. ಆಮೇಲೆ ಪಾಠದ ಪ್ರತಿ ವಾಕ್ಯದ ಕೊನೆಯ ಪದವನ್ನು ಮಾತ್ರ ಮೂರು ಸಲ ಹೇಳಿ, ಬಳಿಕ ಪೂರ್ತಿ ವಾಕ್ಯ. ಪೌರಾಣಿಕ ಪಾತ್ರವಿದ್ದರೆ ಮಹಾಪ್ರಾಣಗಳಿಗೆ ಬೇರೆ ಗಂಟೆ: ದಿನದ ಮಾತಿನಲ್ಲಿ ಭೀಮ ಬೀಮನಾಗಿ, ಧರ್ಮ ದರ್ಮವಾಗಿ ಹೋಗಿರುತ್ತದೆ, ದ್ರೌಪದಿಯ ಬಾಯಲ್ಲಿ ಅದು ತಕ್ಷಣ ಕಿವಿಗೆ ಚುಚ್ಚುತ್ತದೆ.

ಗಂಟಲಿಗೆ ಜೇಷ್ಠಮಧು, ಕಲ್ಲುಸಕ್ಕರೆ, ಕಾಳುಮೆಣಸು ಎಲ್ಲರ ಚೀಲದಲ್ಲೂ ಇರುತ್ತವೆ. ಅವು ಗಂಟಲನ್ನು ತಣಿಸುತ್ತವೆ, ಸರಿ. ಆದರೆ ನುಂಗಿದ್ದು ಯಾವುದೂ ಧ್ವನಿತಂತುಗಳನ್ನು ಮುಟ್ಟುವುದಿಲ್ಲ, ಅನ್ನನಾಳಕ್ಕೆ ಹೋಗುತ್ತದೆ. ತಂತುವಿನವರೆಗೆ ನೇರ ತಲುಪುವುದು ಹಬೆ. ದಿನವಿಡೀ ಸ್ವಲ್ಪಸ್ವಲ್ಪ ನೀರು, ನಾಟಕದ ಮುಂಚೆ ಹತ್ತು ನಿಮಿಷ ಬಿಸಿನೀರ ಹಬೆ, ಮರುದಿನ ಮಧ್ಯಾಹ್ನದವರೆಗೆ ಮೌನ. ಪಿಸುಮಾತು ವಿಶ್ರಾಂತಿಯಲ್ಲ, ಅದೂ ತಂತುಗಳಿಗೆ ದುಡಿಮೆಯೇ. ಪದೇಪದೇ ಖ್ಯಾಕರಿಸುವುದು ತಂತುಗಳನ್ನು ಒಂದಕ್ಕೊಂದು ಬಡಿದಂತೆ. ಗೊಗ್ಗರು ದನಿ ಎರಡು ಮೂರು ವಾರ ಕಳೆದರೂ ಹೋಗದಿದ್ದರೆ ಕಷಾಯ ಬಿಟ್ಟು ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೆ ಹೋಗಬೇಕು. ತಂತುವಿನ ಮೇಲೆ ಗಂಟು ಎದ್ದಿದ್ದರೆ ಮೊದಲ ಹಂತದಲ್ಲಿ ವಿಶ್ರಾಂತಿ ಮತ್ತು ಧ್ವನಿ ಚಿಕಿತ್ಸೆಯಿಂದಲೇ ಕರಗಬಹುದು.

ಹಾಡಿನಲ್ಲಿ ತಕರಾರು ಶ್ರುತಿಯದು. ಪೇಟಿಯ ಕರಿ ಬಿಳಿ ಮನೆಗಳ (ಕೀಲಿಗಳ) ಎಣಿಕೆಯಲ್ಲಿ ಗಂಡಸರಿಗೆ ಕರಿ ಒಂದು, ಬಿಳಿ ಎರಡರ ಸುತ್ತ ಹಿತ. ಹೆಂಗಸರಿಗೆ ಬಿಳಿ ಐದರಿಂದ ಕರಿ ಐದರವರೆಗೆ. ಊರ ನಾಯಕ ಮೂರು ತಿಂಗಳು ಕರಿ ಒಂದರಲ್ಲಿ ಕಲಿತಿರುತ್ತಾನೆ, ಯುಗಳ ಗೀತೆ ಅವನ ಮನೆಯಿಂದಲೇ ಏಳುತ್ತದೆ. ನಟಿ ಅಲ್ಲೇ ಹಾಡಿದರೆ ಮಂದ್ರದಲ್ಲಿ ದನಿ ಮುಳುಗುತ್ತದೆ, ಮೇಲಿನ ಸಪ್ತಕಕ್ಕೆ ಹಾರಿದರೆ ಪಲ್ಲವಿಯಲ್ಲೇ ಕಿರುಚಾಟ. ಸಂಜೆ ಮಾಸ್ತರರ ಹತ್ತಿರ ಕುಳಿತು ಅವಳ ಚರಣವನ್ನಾದರೂ ಮಧ್ಯಮಕ್ಕೆ ಷಡ್ಜ ಬದಲಿಸಿ ನುಡಿಸುವಂತೆ ಒಪ್ಪಿಸಬೇಕು. ಕ್ಯಾಸಿಯೋ ಕೀಬೋರ್ಡ್ ಇದ್ದರೆ ಒಂದು ಗುಂಡಿ ಒತ್ತಿದರೆ ಶ್ರುತಿ ಬದಲಾಗುತ್ತದೆ, ಆದರೆ ಯಾವ ಮಾತಿಗೆ ಒತ್ತಬೇಕು ಎಂಬುದು ಮೊದಲೇ ಗೊತ್ತಾಗಿರಬೇಕು.

ಬಣ್ಣ, ಸೀರೆ, ಬೆಳಕು

ಹಿಂದೆ ಸಫೇದ, ಅರದಾಳ, ಇಂಗಳೀಕ ಕಲಸಿ ಹಚ್ಚುತ್ತಿದ್ದರು. ಅರದಾಳದಲ್ಲಿರುವುದು ಆರ್ಸೆನಿಕ್, ಇಂಗಳೀಕದಲ್ಲಿರುವುದು ಪಾದರಸ. ಹಳೆಯ ಪೆಟ್ಟಿಗೆಯ ಬಣ್ಣವನ್ನು ಅಭಿಮಾನಕ್ಕೆಂದು ಹಚ್ಚಿಕೊಳ್ಳುವುದು ಬೇಡ. ಈಗ ಪ್ಯಾನ್‌ಕೇಕು ಎಂಬ ಮೇಕಪ್ ಬಿಲ್ಲೆ. ತೆಳುವಾಗಿ ಎಣ್ಣೆ ಅಥವಾ ಕ್ರೀಮು, ಮೇಲೆ ಬೇಸು, ಮೇಲೆ ಪೌಡರು ಒತ್ತಿ ಕೂರಿಸುವುದು. ರಾಯಚೂರಿನ ಏಪ್ರಿಲ್ ಸೆಕೆ 40 ಡಿಗ್ರಿ ದಾಟುತ್ತದೆ. ಬೇಸಿನ ಮುಂಚೆ ತಣ್ಣೀರ ಬಟ್ಟೆ ಒತ್ತಿ ಬೆವರು ನಿಲ್ಲಿಸದೆ ಹಚ್ಚಿದರೆ ಎರಡನೇ ದೃಶ್ಯಕ್ಕೆ ಮುಖ ಕಾಲುವೆಯಾಗುತ್ತದೆ. ಬೆವರು ಒರೆಸಬಾರದು, ಒತ್ತಿ ತೆಗೆಯಬೇಕು. ಕಳಚುವಾಗ ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಸೋಪು.

ಎದುರು ಬೆಳಕು ಮುಖವನ್ನು ರೊಟ್ಟಿಯಂತೆ ಚಪ್ಪಟೆ ಮಾಡುತ್ತದೆ. ಅದಕ್ಕೇ ಮೂಗಿನ ಎರಡು ಬದಿ, ಕೆನ್ನೆಯ ಕೆಳಗೆ ಕಂದು ನೆರಳು, ಕಣ್ಣಿಗೆ ದಪ್ಪ ಕಾಡಿಗೆ. ಬಣ್ಣದ ಎಲ್‌ಇಡಿ ಬಂದ ಮೇಲೆ ಇನ್ನೊಂದು ಲೆಕ್ಕ ಸೇರಿದೆ: ಕೆಂಪು ಬೆಳಕಿನಲ್ಲಿ ಕೆಂಪು ತುಟಿ ಮಾಯ, ಹಸಿರು ಬೆಳಕಿನಲ್ಲಿ ಅದೇ ತುಟಿ ಕಪ್ಪು. ಲೈಟಿನವನು ಯಾವ ದೃಶ್ಯಕ್ಕೆ ಯಾವ ಬಣ್ಣ ಹಾಕುತ್ತಾನೆಂದು ಕೇಳಿ ತುಟಿಗೆ ಕಂದು ಮಿಶ್ರ ಮಾಡಿಕೊಂಡರೆ ಎರಡರಲ್ಲೂ ಉಳಿಯುತ್ತದೆ.

ಕಂಪನಿ ನಾಟಕದ ರಚನೆಯಲ್ಲಿ ನಟಿಯ ಸೀರೆಗೂ ಒಂದು ಜಾಗವಿದೆ, ಗಮನಿಸಿದವರು ಕಡಿಮೆ. ರಂಗದ ಪೂರ್ತಿ ಆಳ ಬಳಸುವ ಒಂದು ದೃಶ್ಯ, ಅರಮನೆಯೋ ಮನೆಯೋ, ಮುಂದೆ ರಸ್ತೆಯ ಪರದೆ ಇಳಿದು ಹಾಸ್ಯದವರ ದೃಶ್ಯ, ಮತ್ತೆ ಆಳದ್ದು. ಹಾಸ್ಯ ಜನರನ್ನು ನಗಿಸುವ ಐದಾರು ನಿಮಿಷದಲ್ಲಿ ಹಿಂದೆ ಸೆಟ್ಟು ಬದಲಾಗುತ್ತದೆ, ನಟಿಯ ಸೀರೆಯೂ ಬದಲಾಗುತ್ತದೆ. ಇಳಕಲ್ ಸೀರೆ, ಖಣದ ಕುಪ್ಪಸದಿಂದ ವಿಧವೆಯ ಬಿಳಿಗೆ ಅಷ್ಟರಲ್ಲಿ ಬರಲು ನೆರಿಗೆಯನ್ನು ಮೊದಲೇ ಹೊಲಿಸಿ, ಸೊಂಟಕ್ಕೆ ಟಿಚ್ ಬಟನ್ ಇಟ್ಟಿರಬೇಕು. ಬಳೆ ಕಳಚುವುದು ಕೊನೆಗೆ, ಯಾಕೆಂದರೆ ಗಡಿಬಿಡಿಯಲ್ಲಿ ಒಡೆದು ಕೈ ಕೊಯ್ಯುವುದೇ ಹೆಚ್ಚು.

ಇನ್ನು ಅಳು. ಮೂರನೇ ಸಾಲಿನ ಆಚೆ ಕಣ್ಣೀರು ಯಾರಿಗೂ ಕಾಣುವುದಿಲ್ಲ. ರಂಗದ ಮೇಲೆ ಅಳುವುದು ಬೆನ್ನು, ಹೆಗಲು, ಮುರಿದ ಉಸಿರು. ಖರೀದಿ ಪತ್ರ ಎತ್ತಿಕೊಂಡ ತಾಯಿ ಮಾತಾಡುವ ಮುಂಚೆ ಎರಡು ಉಸಿರು ನಿಲ್ಲಬೇಕು. ಆ ಮೌನದಲ್ಲಿ ಕೊನೆ ಸಾಲಿನವರ ಕಣ್ಣು ಪತ್ರದಿಂದ ಅವಳ ಮುಖಕ್ಕೆ ಬರುತ್ತದೆ. ಪತ್ರ ಹಿಡಿದ ಕೈ ಎದೆಯ ಮಟ್ಟದಲ್ಲಿ, ಜನರಿಂದ ದೂರದ ಕೈ. ಹತ್ತಿರದ ಕೈಯಲ್ಲಿ ಹಿಡಿದರೆ ಮುಖವೇ ಮರೆಯಾಗುತ್ತದೆ. ಗೋಡೆ ಇರುವ ಸಭಾಂಗಣದಲ್ಲಿ ಇದನ್ನೆಲ್ಲ ಅರ್ಧಕ್ಕಿಳಿಸಬಹುದು, ಬಡಿತವನ್ನು ಕೂಗಿನಿಂದ ತೆಗೆದು ನಿಲುಗಡೆಗೆ ಕೊಡಬಹುದು.

ನಾಲ್ಕು ಅಡಿಯಲ್ಲಿ ಲೆನ್ಸು

ಕ್ಲೋಸಪ್ಪಿನಲ್ಲಿ ಇದೇ ತಾಯಿ ಎರಡು ಉಸಿರು ನಿಂತು ಹೆಗಲು ಕುಗ್ಗಿಸಿದರೆ ಚೌಕಟ್ಟಿನ ಹೊರಗೇ ಹೋಗುತ್ತಾಳೆ. ಚಿತ್ರಮಂದಿರದ ಪರದೆಯ ಮೇಲೆ ಒಂದು ಕಣ್ಣೇ ಎರಡು ಮೂರು ಅಡಿ ಅಗಲವಾಗುತ್ತದೆ, ರೆಪ್ಪೆಯ ಒಂದು ಬಡಿತ ರಂಗದ ಮೇಲಿನ ಒಂದು ಹೆಜ್ಜೆಗೆ ಸಮ. ಅದಕ್ಕೇ ಸೆಟ್ಟಿನಲ್ಲಿ ನಟಿ ಕೇಳಬೇಕಾದ ಮೊದಲ ಪ್ರಶ್ನೆ "ಶಾಟ್ ಎಷ್ಟಿದೆ?": ತಲೆಯಿಂದ ಕಾಲಿನವರೆಗೋ, ಸೊಂಟದವರೆಗೋ, ಮುಖವಷ್ಟೋ. ಕೇಳಲು ಸಂಕೋಚಪಡುವವರು ಲಾಂಗ್ ಶಾಟಿನಲ್ಲಿ ಕಣ್ಣೀರು ಖರ್ಚು ಮಾಡಿ, ಮಧ್ಯಾಹ್ನ ಕ್ಲೋಸಪ್ ಬಂದಾಗ ಒಣಗಿ ನಿಲ್ಲುತ್ತಾರೆ. ಗ್ಲಿಸರಿನ್ ಇದೆ, ಆದರೆ ಅದು ನೀರು ಕೊಡುತ್ತದೆ, ಉಸಿರಿನ ಮುರಿತ ಕೊಡುವುದಿಲ್ಲ.

ನೋಟ ಎಲ್ಲಿಡಬೇಕು? ಎದುರಿನವನ ಎರಡೂ ಕಣ್ಣನ್ನು ನೋಡಲು ಹೋದರೆ ಅವಳ ಕಣ್ಣು ಆಚೀಚೆ ತೂಗಾಡುವುದು ಪರದೆಯ ಮೇಲೆ ಕಾಣುತ್ತದೆ. ಲೆನ್ಸಿಗೆ ಹತ್ತಿರವಿರುವ ಒಂದೇ ಕಣ್ಣನ್ನು ಹಿಡಿಯಬೇಕು. ನೆಲದ ಮೇಲೆ ಅಂಟಿಸಿದ ಟೇಪಿನ ಗುರುತಿಗೆ ನೋಡದೆ ಬಂದು ನಿಲ್ಲಬೇಕು. ಕ್ಲೋಸಪ್ಪಿನಲ್ಲಿ ಫೋಕಸ್ ನಿಲ್ಲುವ ಆಳ ಕೆಲವೊಮ್ಮೆ ಒಂದೆರಡು ಇಂಚು ಮಾತ್ರ, ಒಂದು ಬೆರಳು ಮುಂದೆ ವಾಲಿದರೂ ಮುಖ ಮಸುಕು. ಗುರುತಿನಿಂದ ಹಿಂದಕ್ಕೆ ಹೆಜ್ಜೆ ಎಣಿಸಿಕೊಂಡು ಹೋಗಿ, ಅದೇ ಕಾಲಿನಿಂದ ಹೊರಟರೆ ನೆಲ ನೋಡುವ ಅಗತ್ಯ ಬೀಳುವುದಿಲ್ಲ.

ರಂಗದಿಂದ ಬಂದವರನ್ನು ಹೆಚ್ಚು ಕಾಡುವುದು ಮುಂದುವರಿಕೆ. ಲಾಂಗ್ ಶಾಟಿನಲ್ಲಿ "ಹೊಲಾ" ಎಂಬಲ್ಲಿ ಪತ್ರ ಎತ್ತಿದ್ದರೆ ಎಲ್ಲ ಶಾಟಿನಲ್ಲೂ "ಹೊಲಾ" ಎಂಬಲ್ಲೇ ಎತ್ತಬೇಕು, ಅದೇ ಕೈಯಲ್ಲಿ. ಇಲ್ಲದಿದ್ದರೆ ಎಡಿಟರ್ ಎರಡನ್ನೂ ಜೋಡಿಸಲಾರ, ಚೆನ್ನಾಗಿದ್ದ ಟೇಕ್ ಕಸಕ್ಕೆ. ಪ್ರತಿ ರಾತ್ರಿ ಹೊಸದಾಗಿ ಮಾಡುವ ರಂಗದ ಗುಣವೇ ಇಲ್ಲಿ ದೋಷ. ಬಳೆ ಎಷ್ಟು, ಸೆರಗು ಯಾವ ಹೆಗಲ ಮೇಲೆ, ಕುಂಕುಮ ಎಷ್ಟು ಅಗಲ ಎಂದು ಸಹಾಯಕ ನಿರ್ದೇಶಕರು ಫೋಟೋ ತೆಗೆದಿಡುತ್ತಾರೆ. ನಟಿಯೂ ತನ್ನ ಮೊಬೈಲಿನಲ್ಲಿ ಒಂದು ಇಟ್ಟುಕೊಳ್ಳುವುದು ಜಾಣತನ.

ಕಥೆ ಕ್ರಮದಲ್ಲಿ ಚಿತ್ರೀಕರಣವಾಗುವುದಿಲ್ಲ. ಮಗ ಸತ್ತ ದೃಶ್ಯ ಬೆಳಿಗ್ಗೆ, ಮಗನ ಮದುವೆ ಸಂಜೆ. ರಂಗದಲ್ಲಿ ಮೂರು ತಾಸು ನಿಧಾನ ಏರುವ ನೋವು ಇಲ್ಲಿ ತುಂಡುತುಂಡು. ಹಾಗಾಗಿ ಒಂದು ಸಣ್ಣ ಪುಸ್ತಕ ಬೇಕು: ದೃಶ್ಯದ ಸಂಖ್ಯೆ, ಅದರ ಹಿಂದೆ ಏನಾಗಿದೆ, ಇವಳಿಗೆ ಏನು ಗೊತ್ತಿದೆ ಏನು ಗೊತ್ತಿಲ್ಲ, ಊಟ ಆಗಿದೆಯೋ ಇಲ್ಲವೋ, ನೋವು ಹತ್ತರಲ್ಲಿ ಎಷ್ಟು. ಹೊಲ ಮಾರಿದ್ದು ತಿಳಿಯುವ ದೃಶ್ಯದ ನೋವು ಏಳಾದರೆ, ಆಮೇಲೆ ಬರುವ ಸಾವಿಗೆ ಜಾಗ ಉಳಿಯುತ್ತದೆ. ಮೊದಲ ದಿನವೇ ಹತ್ತು ಕೊಟ್ಟು ಕುಳಿತವರು ಕಡೆಗೆ ಎಲ್ಲ ದೃಶ್ಯದಲ್ಲೂ ಒಂದೇ ಅಳು ಅಳುತ್ತಾರೆ.

ಡಬ್ಬಿಂಗ್ ಇದ್ದರೆ ಮತ್ತೊಂದು ಕೆಲಸ. ಪ, ಬ, ಮ ಮೂರರಲ್ಲೂ ತುಟಿ ಮುಚ್ಚುತ್ತದೆ, ಪರದೆ ಮೇಲಿನ ಬಾಯಿಗೆ ಹೊಂದಬೇಕಾದ್ದು ಮುಖ್ಯವಾಗಿ ಅವೇ. "ನಿಮ್ಮಪ್ಪನ" ಎಂಬುದರಲ್ಲಿ ಮ್ಮ, ಪ್ಪ ಎರಡು ಮುಚ್ಚುಗೆ. ಅವು ಕೂತರೆ ಉಳಿದದ್ದು ಚೂರು ಸರಿದರೂ ಕಣ್ಣು ಕ್ಷಮಿಸುತ್ತದೆ. ಮೈಕು ಒಂದು ಗೇಣು ದೂರದಲ್ಲಿರುತ್ತದೆ. ಕಂಪನಿ ನಟಿಯರು ಮೊದಲ ದಿನ ಅಲ್ಲಿ ಎಂಬತ್ತು ಅಡಿಯ ದನಿ ತೆಗೆದು ಎಂಜಿನಿಯರನ ಕಿವಿ ಹರಿಯುತ್ತಾರೆ. ದನಿ ಇಳಿಸಿದರೆ ಸಾಲದು, ಚಿತ್ರೀಕರಣದ ದಿನ ಓಡಿ ಬಂದು ಹೇಳಿದ್ದರೆ ಡಬ್ಬಿಂಗಿನಲ್ಲೂ ನಿಂತಲ್ಲೇ ಏದುಸಿರು ತರಿಸಿಕೊಂಡು ಹೇಳಬೇಕು.

ಸೀರಿಯಲ್ಲು ಇವೆರಡರ ನಡುವಿನ ಪ್ರಾಣಿ. ಅರ್ಧ ಗಂಟೆಯ ಕಂತಿಗೆ ಸುಮಾರು 22 ನಿಮಿಷದ ಸರಕು, ಮೂರು ಕ್ಯಾಮೆರಾ, ಬೆಳಿಗ್ಗೆ ಕೈಗೆ ಬರುವ ಮಾತು. ಹಳ್ಳಿ ನಾಟಕದಲ್ಲಿ ಪಳಗಿದವರು ಇಲ್ಲಿ ಗೆಲ್ಲುತ್ತಾರೆ, ಏಕೆಂದರೆ ತಾಲೀಮಿಲ್ಲದೆ ಮಾತು ಹಿಡಿಯುವುದು ಅವರಿಗೆ ಹೊಸದಲ್ಲ. ಅವರನ್ನು ಕೆಣಕುವುದು ಭಾಷೆ. ಬೆಂಗಳೂರಿನಲ್ಲಿ ಕುಳಿತು ಬರೆಯುವವರಿಗೆ "ಉತ್ತರ ಕರ್ನಾಟಕದ ಭಾಷೆ" ಒಂದೇ, ಎಲ್ಲ ಕ್ರಿಯಾಪದಕ್ಕೂ "ಆಕತ್ತೀನಿ" ಅಂಟಿಸಿದರೆ ಮುಗಿಯಿತು. ಬಳ್ಳಾರಿ 1953ರವರೆಗೆ ಮದರಾಸಿನಲ್ಲಿತ್ತು, ರಾಯಚೂರು ಕೊಪ್ಪಳ 1956ರವರೆಗೆ ಹೈದರಾಬಾದಿನಲ್ಲಿದ್ದವು. ತೆಲುಗು ಉರ್ದುಗಳ ಹದ ಎರಡು ಕಡೆ ಬೇರೆಬೇರೆ. ನಟಿ ಕೇಳಬೇಕು, ಈ ಹೆಂಗಸು ಯಾವ ಊರಾಕಿ? ಊರು ಗೊತ್ತಾದ ಮೇಲೆ ಹದಿನೈದಿಪ್ಪತ್ತು ಕ್ರಿಯಾಪದದ ಬಾಲಗಳನ್ನು ಬರೆದಿಟ್ಟುಕೊಂಡು ನೂರನೇ ಕಂತಿನವರೆಗೂ ಅವನ್ನೇ ಬಳಸಬೇಕು. ಸೋಮವಾರ "ಮನಿಗೆ", ಬುಧವಾರ "ಮನೆಗೆ" ಆದರೆ ಕೊಪ್ಪಳದ ಅಜ್ಜಿಯರು ಮೊದಲು ಹಿಡಿಯುತ್ತಾರೆ.

ಅಲ್ಲಿಗೆ ಹೋಗುವ ದಾರಿ

ಕಲಿಕೆಗೆ ಹೆಗ್ಗೋಡಿನ ನೀನಾಸಂ ಇದೆ, ಹತ್ತಿರದಲ್ಲಿ ಕಲಬುರಗಿಯ ರಂಗಾಯಣ ಇದೆ, ಬೆಂಗಳೂರಿನಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ ಇದೆ. ಕೊಪ್ಪಳ, ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. ಆದರೆ ಈಗ ಮೊದಲ ಆಡಿಷನ್‌ಗೆ ಅಷ್ಟು ದೂರ ಹೋಗಬೇಕಿಲ್ಲ, ಮೊಬೈಲಿನಲ್ಲೇ ಮಾಡಿ ಕಳಿಸುತ್ತಾರೆ. ಫೋನು ಅಡ್ಡಡ್ಡ, ಕಣ್ಣಿನ ಮಟ್ಟಕ್ಕೆ, ಐದಾರು ಅಡಿ ದೂರ. ಹಿಂದೆ ಖಾಲಿ ಗೋಡೆ. ಕಿಟಕಿ ಮುಖದ ಎದುರು, ಬೆನ್ನ ಹಿಂದೆ ಅಲ್ಲ. ಹೆಸರು, ವಯಸ್ಸು, ಎತ್ತರ, ಬರುವ ಭಾಷೆ ಹೇಳಿ, ಎರಡೂ ಬದಿಯ ಮುಖ ತೋರಿಸಿ, ಆಮೇಲೆ ದೃಶ್ಯ. ಫ್ಯಾನ್ ಆರಿಸುವುದನ್ನು ಮರೆಯಬಾರದು, ಅರ್ಧ ವಿಡಿಯೋಗಳು ಕೆಡುವುದು ಫ್ಯಾನಿನ ಸದ್ದಿಗೆ. ಪಾತ್ರ ಕೊಡುತ್ತೇವೆಂದು ನೋಂದಣಿ ಶುಲ್ಕ ಕೇಳುವವರು ಪಾತ್ರ ಕೊಡುವವರಲ್ಲ.

ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ದಿನಗೂಲಿಯವರಿಗೂ ತಾತ್ಕಾಲಿಕ ಕೆಲಸದವರಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕು. ಅದಿಲ್ಲದ ಸಣ್ಣ ತಂಡದಲ್ಲಿ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬಹುದು. ದೂರು ಕೊಡಲು ಅವಧಿ ಸಾಮಾನ್ಯವಾಗಿ ಮೂರು ತಿಂಗಳು. ಇನ್ನೊಂದು ಒಣ ವಿಷಯ: ಪ್ರತಿ ನಾಟಕದ ಕರಪತ್ರ, ಫೋಟೋ, ಪ್ರಮಾಣಪತ್ರವನ್ನು ತಾರೀಖಿನ ಸಮೇತ ಕಾದಿಡಬೇಕು. ವಯಸ್ಸಾದ ಮೇಲೆ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ನಲವತ್ತು ವರ್ಷದ ದುಡಿಮೆಗೆ ಸಾಕ್ಷಿ ಹೇಳುವುದು ಆ ಕಾಗದಗಳೇ.

ಕ್ಯಾಮೆರಾದಿಂದ ರಂಗಕ್ಕೆ ಮರಳುವುದು ಹೋದಷ್ಟೇ ಕಷ್ಟ. ಮಳೆಗಾಲವೆಲ್ಲ ಸೀರಿಯಲ್ ಮಾಡಿ ಜಾತ್ರೆಗೆ ವಾಪಸಾದವರಲ್ಲಿ ಮೂರು ದೋಷ ಎದ್ದು ಕಾಣುತ್ತವೆ: ವಾಕ್ಯದ ಬಾಲ ನುಂಗುವುದು, ಮಾತು ತಪ್ಪಿದರೆ ಇನ್ನೊಂದು ಟೇಕ್ ಇದೆ ಎಂಬಂತೆ ನಿಂತುಬಿಡುವುದು, ಚಪ್ಪಾಳೆ ಇಳಿಯುವ ಮುಂಚೆಯೇ ಮುಂದಿನ ಮಾತಿಗೆ ಹೋಗುವುದು. ನಾಂದಿ ಮುಗಿದು ಮೊದಲ ದೃಶ್ಯದಲ್ಲಿ ತಾಯಿ ಮಗನನ್ನು ಊಟಕ್ಕೆ ಕರೆಯುವ ಒಂದು ಸಣ್ಣ ಮಾತಿರುತ್ತದೆ. ಅಳತೆ ಸರಿಮಾಡಿಕೊಳ್ಳಬೇಕಾದ್ದು ಅಲ್ಲಿ. ಆ ಮಾತನ್ನು ಕೊನೆಯಲ್ಲಿ ಟ್ರ್ಯಾಕ್ಟರ್ ಮೇಲೆ ಕುಳಿತವರಿಗೆ ಹೇಳಬೇಕು. ಅವರು ತಲೆ ಎತ್ತಿದರೆ ತಲುಪಿತು, ಕಿವಿಗೆ ಕೈ ಕೊಟ್ಟರೆ ಇಲ್ಲ. ಖರೀದಿ ಪತ್ರ ಬೀಳುವುದಕ್ಕೆ ಇನ್ನೂ ಎರಡು ತಾಸು ಇದೆ.